ಬಾಗು ಕತ್ತರಿ ಕತ್ತರಿಸದಿದ್ದರೆ: ದೋಷ ಹುಡುಕಿ, ಕೈಯಲ್ಲೇ ಸಾಣೆ ಹಿಡಿಯುವ ಬಗೆ

ಬಾಗು ಕತ್ತರಿ ತಂದವರೆಲ್ಲ ಹೇಳುವುದು ಒಂದೇ ಮಾತು: "ಮೊಂಡಾಗಿದೆ, ಸಾಣೆ ಹಿಡಿದುಕೊಡಿ." ಬಿಚ್ಚಿ ನೋಡಿದರೆ ಬಹಳಷ್ಟು ಸಲ ಅಂಚು ಮೊಂಡಾಗಿರುವುದೇ ಇಲ್ಲ. ಕೀಲು ಸಡಿಲವಾಗಿರುತ್ತದೆ, ಬೆರಳುಂಗುರದ ಬಳಿಯ ರಬ್ಬರ್ ಬಿದ್ದುಹೋಗಿರುತ್ತದೆ, ಇಲ್ಲವೇ ಸ್ಕ್ರೂ ಸುತ್ತ ಎಣ್ಣೆಯೂ ಕೂದಲೂ ಸೇರಿ ಗಟ್ಟಿಯಾಗಿ ಕೂತಿರುತ್ತದೆ. ಇಂಥ ಕತ್ತರಿಯನ್ನು ಕಲ್ಲಿಗೆ ಹಚ್ಚಿದರೆ ಇರುವ ಹರಿತವೂ ಹೋಗುತ್ತದೆ, ಮೂಲ ದೋಷ ಹಾಗೇ ಉಳಿಯುತ್ತದೆ. ಅದಕ್ಕೇ ಮೊದಲು ದೋಷ, ಆಮೇಲೆ ಕಲ್ಲು.

ಇಲ್ಲಿ ಹೇಳುವುದು ಮುಖ್ಯವಾಗಿ ನಾಯಿಗಳ ಕೂದಲು ಕತ್ತರಿಸಿ ದುಂಡಗೆ ರೂಪ ಕೊಡುವ 6ರಿಂದ 8 ಇಂಚಿನ ಬಾಗು ಕತ್ತರಿಯ ಬಗ್ಗೆ. ಆರಿ ಕೆಲಸದವರು, ಕಸೂತಿ ಹಾಕುವವರು ಬಟ್ಟೆಗೆ ತಾಗದಂತೆ ದಾರದ ತುದಿ ಕತ್ತರಿಸಲು ಇಟ್ಟುಕೊಳ್ಳುವ 4 ಇಂಚಿನ ಪುಟ್ಟ ಕತ್ತರಿಗೂ ಇದೇ ಲೆಕ್ಕ. ಅದರ ಅಲಗು ಚಿಕ್ಕದು, ಹಾಗಾಗಿ ಕಲ್ಲೂ ಚಿಕ್ಕದಾಗಬೇಕು.

ಮೊದಲು ಕತ್ತರಿಯ ಮೈ ತಿಳಿದುಕೊಳ್ಳಿ

ಅಲಗುಗಳ ಒಳಮೈ, ಅಂದರೆ ಒಂದಕ್ಕೊಂದು ಮುಖ ಮಾಡಿರುವ ಮೈ, ಸಪಾಟಾಗಿ ಕಂಡರೂ ಸಪಾಟಲ್ಲ. ಅಲಗಿನ ಅಡ್ಡಕ್ಕೆ ಒಂದು ಸ್ಟೀಲ್ ಸ್ಕೇಲಿನ ಅಂಚು ಇಟ್ಟು ಬೆಳಕಿಗೆ ಹಿಡಿಯಿರಿ. ಬಾಯಿಯ ಕಡೆಯ ಅಂಚೂ ಬೆನ್ನೂ ಸ್ಕೇಲಿಗೆ ತಾಗುತ್ತವೆ, ನಡುವೆ ತಗ್ಗು ಕಾಣುತ್ತದೆ. ಈ ತಗ್ಗು ಇರುವುದರಿಂದಲೇ ಎರಡು ಅಲಗುಗಳು ಮೈಗೆ ಮೈ ಉಜ್ಜಿಕೊಳ್ಳದೆ ಅಂಚಿಗೆ ಅಂಚು ಮಾತ್ರ ತಾಗಿ ಸಾಗುತ್ತವೆ.

ಉದ್ದಕ್ಕೂ ಇಂಥದ್ದೇ ಒಂದು ಏರ್ಪಾಡು ಇದೆ. ಮುಚ್ಚಿದ ಕತ್ತರಿಯನ್ನು ಪಕ್ಕದಿಂದ ಬೆಳಕಿಗೆ ಹಿಡಿದರೆ ತುದಿ ತಾಗಿರುತ್ತದೆ, ಕೀಲಿನ ಹಿಂಭಾಗ ತಾಗಿರುತ್ತದೆ, ನಡುವೆ ಸಣ್ಣ ಗೆರೆಯಷ್ಟು ಬೆಳಕು ನುಸುಳುತ್ತದೆ. ಕತ್ತರಿ ಮುಚ್ಚುತ್ತಾ ಹೋದಂತೆ ತಾಗುವ ಬಿಂದು ಬುಡದಿಂದ ತುದಿಯವರೆಗೂ ಬಿಗಿಯಾಗಿ ಸಾಗಬೇಕಾದರೆ ಈ ಸಂದು ಬೇಕೇ ಬೇಕು. ಇದಕ್ಕೆ ಸೆಟ್ ಅನ್ನುತ್ತಾರೆ. ಕತ್ತರಿ ತಯಾರಿಕೆಗೆ ಹೆಸರಾದ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಎರಡು ಅಲಗುಗಳನ್ನು ಜೋಡಿಸಿ ಸೆಟ್ ಕೊಡುವುದೇ ಪ್ರತ್ಯೇಕ ಕಸುಬು, ವರ್ಷಗಟ್ಟಲೆ ಕಲಿಯಬೇಕಾದ ಕಸುಬು. ಕತ್ತರಿಗೆ ಹರಿತದಷ್ಟೇ ಸೆಟ್ ಕೂಡ ಮುಖ್ಯ ಅನ್ನುವುದಕ್ಕೆ ಬೇರೆ ಪುರಾವೆ ಬೇಡ.

ಇನ್ನು ಬಾಗಿನ ವಿಷಯ. ಇದೊಂದು ಅರ್ಥವಾದರೆ ಮುಂದಿನ ದೋಷಗಳಲ್ಲಿ ಮುಕ್ಕಾಲು ಪಾಲು ತಾನಾಗಿಯೇ ಅರ್ಥವಾಗುತ್ತದೆ. ಕತ್ತರಿಯನ್ನು ತುದಿ ಮೇಲಕ್ಕೆ ಏಳುವಂತೆ ಮೇಜಿನ ಮೇಲಿಡಿ. ಒಂದರೊಳಗೊಂದು ಕೂತ ಎರಡು ಚಮಚಗಳ ಹಾಗೆ ಒಂದು ಅಲಗು ಕೆಳಗೆ, ಇನ್ನೊಂದು ಮೇಲೆ ಇರುತ್ತದೆ. ಉದ್ದಕ್ಕೆ ನೋಡಿದರೆ ಕೆಳಗಿನ ಅಲಗಿನ ಹೊರಮೈ ಉಬ್ಬು, ಒಳಮೈ ತಗ್ಗು. ಮೇಲಿನ ಅಲಗಿನದು ಪೂರಾ ಉಲ್ಟಾ: ಒಳಮೈ ಉಬ್ಬು, ಹೊರಮೈ ತಗ್ಗು. ಉಬ್ಬಿದ ಮೈ ಸಪಾಟು ಕಲ್ಲಿನ ಮೇಲೆ ಉರುಳಿಸಿದಂತೆ ಸಾಗುತ್ತದೆ. ತಗ್ಗಿದ ಮೈ ಸಪಾಟು ಕಲ್ಲಿಗೆ ಎರಡು ಕೊನೆಯಲ್ಲಿ ಮಾತ್ರ ತಾಗುತ್ತದೆ, ನಡು ತಾಗುವುದೇ ಇಲ್ಲ. ಹಾಗಾಗಿ ಪ್ರತಿ ಅಲಗಿಗೂ ಒಂದು ಮೈಗೆ ಸಪಾಟು ಕಲ್ಲು, ಇನ್ನೊಂದು ಮೈಗೆ ಉಬ್ಬಿದ ಕಲ್ಲು. ನೇರ ಕತ್ತರಿಯಲ್ಲಿ ಎರಡು ಅಲಗಿಗೂ ಒಂದೇ ಕೆಲಸ ಮಾಡಿ ರೂಢಿಯಾದವರು ಎಡವುವುದು ಇಲ್ಲೇ.

ಸೆಟ್ ಕೂಡ ಇಲ್ಲಿ ಬಾಗಿನೊಳಗೇ ಅಡಗಿರುತ್ತದೆ. ಕೆಳಗಿನ ಅಲಗು ಮೇಲಿನದಕ್ಕಿಂತ ಒಂದು ಎಳೆ ಹೆಚ್ಚು ಬಾಗಿರುತ್ತದೆ. ಅದರಿಂದಲೇ ತುದಿ ಒತ್ತಿ ಕೂರುತ್ತದೆ, ನಡುವೆ ಸಂದು ಉಳಿಯುತ್ತದೆ.

ಕಲ್ಲು ಮುಟ್ಟುವ ಮೊದಲಿನ ಪರೀಕ್ಷೆ

ಒಣ ಬಟ್ಟೆಯಿಂದ ಒರೆಸಿ, ಕೀಲಿನ ಸಂದಿನಲ್ಲಿರುವ ಕೂದಲು, ನೂಲಿನ ಧೂಳು ತೆಗೆಯಿರಿ. ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಹೊಲಿಗೆ ಮಷಿನ್ನಿನ ಎಣ್ಣೆ ಒಂದು ತೊಟ್ಟು ಬಿಟ್ಟು ತೆರೆದು ಮುಚ್ಚಿ, ಹೊರಬಂದ ಕಪ್ಪು ಒರೆಸಿ. ಕರಕರ ಅನ್ನುತ್ತಿದ್ದ ಎಷ್ಟೋ ಕತ್ತರಿಗಳು ಇಷ್ಟಕ್ಕೇ ಸುಮ್ಮನಾಗುತ್ತವೆ.

ಆಮೇಲೆ ಕೀಲಿನ ಬಿಗಿ. ಒಂದು ಉಂಗುರವನ್ನು ಎಡಗೈಯಲ್ಲಿ ಹಿಡಿದು, ತುದಿ ಮೇಲೆ ಬರುವಂತೆ ನಿಲ್ಲಿಸಿ, ಇನ್ನೊಂದು ಉಂಗುರವನ್ನು ಎತ್ತಿ ಅಲಗುಗಳು ಕೂಡಿಸುವ ಚಿಹ್ನೆಯಂತೆ ಅಡ್ಡಡ್ಡ ಆಗುವಷ್ಟು ತೆರೆದು ಬಿಟ್ಟುಬಿಡಿ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮುಚ್ಚಿ ತಾನಾಗಿ ನಿಂತರೆ ಬಿಗಿ ಸರಿ. ಠಕ್ ಅಂತ ಪೂರ್ತಿ ಮುಚ್ಚಿಕೊಂಡರೆ ಸಡಿಲ. ಬಿಟ್ಟಲ್ಲೇ ನಿಂತರೆ ಅತಿ ಬಿಗಿ, ಕೈ ನೋಯುತ್ತದೆ, ಅಂಚೂ ಬೇಗ ಸವೆಯುತ್ತದೆ. ಸ್ಕ್ರೂ ಒಂದು ಸಲಕ್ಕೆ ಎಂಟನೇ ಒಂದು ಸುತ್ತು ಮಾತ್ರ ತಿರುಗಿಸಿ ಮತ್ತೆ ಬಿಟ್ಟು ನೋಡಿ. ಕೂದಲು ಇಲ್ಲವೇ ತೆಳು ಬಟ್ಟೆ ಕತ್ತರಿಸದೆ ಅಲಗುಗಳ ನಡುವೆ ಮಡಚಿಕೊಂಡು ಸಿಕ್ಕಿಕೊಳ್ಳುತ್ತಿದ್ದರೆ ಮೊದಲ ಗುಮಾನಿ ಈ ಸ್ಕ್ರೂ ಮೇಲೆಯೇ ಇರಲಿ.

ಮೂರನೆಯದು ರಬ್ಬರ್ ಬಂಪರ್. ಎರಡು ಉಂಗುರಗಳ ನಡುವೆ ಕೂರುವ ಸಣ್ಣ ಗುಂಡಿ ಅದು. ಬೆಂಗಳೂರಿನಲ್ಲಿ ನಾಯಿಗಳ ಕೂದಲು ಕತ್ತರಿಸುವ ಕೆಲಸ ಮಾಡುವ ಹುಡುಗನೊಬ್ಬ 7 ಇಂಚಿನ ಕತ್ತರಿ ತಂದ. "ಅಣ್ಣಾ, ತುದೀಲಿ ಕೂದಲು ಎಳೀತದೆ, ನಾಯಿ ಕೂಗ್ತದೆ. ಸಾಣೆ ಹಿಡಿಸಿ ವಾರ ಆಗಿಲ್ಲ," ಅಂದ. ಅಂಚು ಚೆನ್ನಾಗೇ ಇತ್ತು. ಮುಚ್ಚಿ ನೋಡಿದರೆ ತುದಿಗಳು ಒಂದನ್ನೊಂದು ದಾಟಿ ಎರಡು ಮಿಲಿಮೀಟರ್ ಆಚೆ ಹೋಗಿ ನಿಲ್ಲುತ್ತಿದ್ದವು. ಬಂಪರ್ ಬಿದ್ದುಹೋಗಿತ್ತು. ದಾಟಿಹೋದ ತುದಿಗಳು ತೆರೆಯುವಾಗ ಕೂದಲನ್ನು ಹಿಡಿದೆಳೆಯುತ್ತಿದ್ದವು. ಹೊಸ ಬಂಪರ್ ಒತ್ತಿ ಕೂರಿಸಿದ್ದಷ್ಟೇ, ಕಲ್ಲು ಹೊರಗೆ ತೆಗೆಯಲೇ ಇಲ್ಲ. ಬಂಪರ್ ತೀರಾ ದಪ್ಪಗಿದ್ದರೂ ತೊಂದರೆಯೇ. ಆಗ ತುದಿಗಳು ಕೂಡುವುದೇ ಇಲ್ಲ, ಕೊನೆಯ ಕೂದಲು ಕತ್ತರಿಸದೆ ಉಳಿಯುತ್ತದೆ.

ಇಷ್ಟಾದ ಮೇಲೆ ಅಂಚು ನೋಡಿ. ಬಲ್ಬಿನ ಕೆಳಗೆ ಅಂಚನ್ನು ಕಣ್ಣಿಗೆ ಎದುರಾಗಿ ಹಿಡಿದು ನಿಧಾನ ಓಲಾಡಿಸಿ. ಹರಿತವಾದ ಅಂಚು ಕಾಣುವುದೇ ಇಲ್ಲ. ಮೊಂಡಾದ ಕಡೆ ಬಿಳಿ ಗೆರೆ ಮಿನುಗುತ್ತದೆ, ಮುಕ್ಕಾದ ಕಡೆ ಚುಕ್ಕೆ ಮಿನುಗುತ್ತದೆ. ಉಗುರನ್ನು ಅಂಚಿನುದ್ದಕ್ಕೆ ಹಗುರವಾಗಿ ಎಳೆದರೆ ಮುಕ್ಕು ತಡೆಯುತ್ತದೆ. ಕೊನೆಗೆ ಒದ್ದೆ ಮಾಡಿದ ಟಿಶ್ಯೂ ಕಾಗದ ಒಂದೇ ಪದರ ಹಿಡಿದು ಬುಡದಿಂದ ತುದಿಯವರೆಗೆ ನಿಧಾನವಾಗಿ ಕತ್ತರಿಸಿ. ಬೇಗ ಕತ್ತರಿಸಿದರೆ ದೋಷ ಮುಚ್ಚಿಹೋಗುತ್ತದೆ, ಸಾವಕಾಶವಾಗಿ ಮುಚ್ಚಿದಾಗಲೇ ಬಾಯಿಬಿಡುವುದು. ಎಲ್ಲಿ ಹರಿಯಿತು, ಎಲ್ಲಿ ಮಡಚಿತು, ಎಲ್ಲಿ ಕಾಗದ ಮುಂದಕ್ಕೆ ಜಾರಿತು ಅನ್ನುವುದನ್ನು ಮಾರ್ಕರ್ ಪೆನ್ನಿನಿಂದ ಅಲಗಿನ ಬೆನ್ನ ಮೇಲೆ ಗುರುತು ಮಾಡಿಕೊಳ್ಳಿ.

ಪ್ರತಿ ಸಲವೂ ಒಂದೇ ಜಾಗದಲ್ಲಿ ಸಿಕ್ಕಿಕೊಂಡರೆ ಅಲ್ಲಿ ಮುಕ್ಕು ಇದೆ. ಉದ್ದಕ್ಕೂ ಕಾಗದ ಮುಂದಕ್ಕೆ ಜಾರಿದರೆ ಅಂಚು ನಿಜವಾಗಿಯೂ ಮೊಂಡಾಗಿದೆ. ಉದ್ದಕ್ಕೂ ಮಡಚಿಕೊಂಡರೆ ಬಿಗಿ ಇಲ್ಲ, ಅಥವಾ ಸೆಟ್ ಹೋಗಿದೆ. ತುದಿಯಲ್ಲಿ ಮಾತ್ರ ಮಡಚಿದರೆ ಕೆಳಗೆ ಬಿದ್ದ ಕತ್ತರಿ ಇರಬಹುದು, ಸಂದು ಬೆಳಕಿಗೆ ಹಿಡಿದು ನೋಡಿ. ಬಿದ್ದು ತುದಿ ಅಗಲಿದ ಕತ್ತರಿಯನ್ನು ಸಾಣೆಯಿಂದ ಸರಿಪಡಿಸಲಾಗದು. ಅಲಗನ್ನು ತುಸು ಬಗ್ಗಿಸಿ ಸೆಟ್ ಮರಳಿಸಬೇಕು, ಗಡಸು ಉಕ್ಕು ಅದರಲ್ಲಿ ಪಟ್ ಅಂತ ಮುರಿಯುವುದೂ ಉಂಟು. ಅದನ್ನು ಅನುಭವಸ್ಥರಿಗೇ ಕೊಡಿ.

ಯಾವ ಕತ್ತರಿಗೆ ಕಲ್ಲು ಹಚ್ಚಬಾರದು

ಕೆಲವು ಕತ್ತರಿಗಳ ಒಂದು ಅಲಗಿನ ಅಂಚಿನಲ್ಲಿ ಅತಿ ಸಣ್ಣ ಹಲ್ಲುಗಳಿರುತ್ತವೆ. ಕೂದಲು, ರೇಷ್ಮೆ ದಾರ ಜಾರದಂತೆ ಹಿಡಿದಿಡುವುದು ಅವುಗಳ ಕೆಲಸ. ಆ ಅಲಗಿನ ಇಳಿಜಾರನ್ನು, ಅಂದರೆ ಹೊರಮೈಯಲ್ಲಿ ಅಂಚಿನತ್ತ ಓರೆಯಾಗಿ ಇಳಿಯುವ ಪಟ್ಟಿಯನ್ನು, ಮಸೆದರೆ ಹಲ್ಲು ಅಳಿಸಿಹೋಗುತ್ತದೆ, ಮತ್ತೆ ಬರುವುದಿಲ್ಲ. ಹಲ್ಲಿಲ್ಲದ ಅಲಗನ್ನು ಮಾತ್ರ ಮಸೆಯಿರಿ. ಕೂದಲು ತೆಳುಮಾಡುವ ಬಾಚಣಿಗೆ ಕತ್ತರಿಯನ್ನು ಈ ವಿಧಾನದಲ್ಲಿ ಮುಟ್ಟಲೇಬೇಡಿ.

ಆಸ್ಪತ್ರೆಯ ಬಾಗು ಕತ್ತರಿಗಳಲ್ಲಿ ಉಂಗುರ ಬಂಗಾರದ ಬಣ್ಣದ್ದಾಗಿದ್ದರೆ ಅಂಚಿನಲ್ಲಿ ಟಂಗ್‌ಸ್ಟನ್ ಕಾರ್ಬೈಡ್ ಕೂರಿಸಿದ್ದಾರೆ ಎಂದು ಅರ್ಥ. ಅದಕ್ಕೆ ಮಾಮೂಲು ಕಲ್ಲು ಹತ್ತುವುದಿಲ್ಲ, ವಜ್ರದ ಪುಡಿಯ ಕಲ್ಲು ಬೇಕು.

ಹೊರಮೈಯಲ್ಲಿ ಇಳಿಜಾರಿನ ಗೆರೆಯೇ ಕಾಣದೆ, ಬೆನ್ನಿನಿಂದ ಅಂಚಿನವರೆಗೂ ನುಣುಪಾಗಿ ಇಳಿದುಬರುವ ಜಪಾನಿ ಶೈಲಿಯ ಅಲಗುಗಳಿವೆ. ಅವಕ್ಕೆ ಮಣಿಕಟ್ಟು ಎರಡು ದಿಕ್ಕಿನಲ್ಲಿ ಏಕಕಾಲಕ್ಕೆ ಉರುಳಬೇಕು. ಅಗ್ಗದ ಕತ್ತರಿಗಳ ಮೇಲೆ ಕೈ ಕೂರುವವರೆಗೆ ಅವುಗಳ ತಂಟೆಗೆ ಹೋಗಬೇಡಿ. ಬೆಲೆ ಬಾಳುವ ಕತ್ತರಿಗಳೆಲ್ಲ ಹೆಚ್ಚಾಗಿ ಈ ಜಾತಿಯವೇ.

ಕಲ್ಲುಗಳು

ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಕಪ್ಪು ಕಾರ್ಬೊರಂಡಮ್ ಕಲ್ಲಿನ ನಯವಾದ ಬದಿಯೂ ಕೂದಲು ಕತ್ತರಿಗೆ ಒರಟೇ. ಮುಕ್ಕು ತೆಗೆಯಲು ಆಗಬಹುದು, ಮುಗಿಸುವ ಕೆಲಸಕ್ಕೆ ಆಗದು. ನೀರಿನಲ್ಲಿ ಬಳಸುವ 1000 ಗ್ರಿಟ್ ಕಲ್ಲು ಒಂದು, 3000 ಗ್ರಿಟ್ ಕಲ್ಲು ಒಂದು ಇದ್ದರೆ ಬಹುತೇಕ ಎಲ್ಲವೂ ಆಗುತ್ತದೆ (ಗ್ರಿಟ್ ಅಂದರೆ ಕಲ್ಲಿನ ನಯದ ಲೆಕ್ಕ, ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನಯ). ಕೂದಲಿಗೆ 6000ದವರೆಗೆ ಹೋಗಬಹುದು. ಬಟ್ಟೆ, ದಾರ ಕತ್ತರಿಸುವುದಕ್ಕೆ 1000ದಲ್ಲಿ ನಿಲ್ಲಿಸುವುದೇ ಒಳ್ಳೆಯದು: ಆ ಕಲ್ಲು ಬಿಟ್ಟ ಸಣ್ಣ ಗೀರುಗಳೇ ನುಣುಪು ಬಟ್ಟೆಯನ್ನು ಜಾರದಂತೆ ಹಿಡಿಯುತ್ತವೆ. ಕನ್ನಡಿಯಂತೆ ಹೊಳೆಯುವ ಅಂಚು ಪಾಲಿಯೆಸ್ಟರ್ ಬಟ್ಟೆಯನ್ನು ಮುಂದಕ್ಕೆ ದೂಡಿ "ಮೊಂಡು" ಅನ್ನಿಸಿಕೊಳ್ಳುವುದನ್ನು ದರ್ಜಿಗಳು ಚೆನ್ನಾಗಿ ಬಲ್ಲರು.

ಸಪಾಟು ಕಲ್ಲು ನಿಜವಾಗಿಯೂ ಸಪಾಟಾಗಿರಬೇಕು. ಪೆನ್ಸಿಲ್ಲಿನಿಂದ ಚೌಕುಳಿ ಗೆರೆ ಎಳೆದು, ಗಾಜಿನ ಮೇಲೆ ಹಾಸಿದ 220 ಗ್ರಿಟ್ ವಾಟರ್ ಪೇಪರಿನ ಮೇಲೆ ನೀರು ಹಾಕಿ ಉಜ್ಜಿ. ನಡುವಿನ ಗೆರೆಗಳು ಉಳಿದರೆ ಕಲ್ಲು ಗುಳಿಬಿದ್ದಿದೆ. ಗೆರೆ ಪೂರಾ ಹೋಗುವವರೆಗೆ ಉಜ್ಜಿ.

ಉಬ್ಬಿದ ಕಲ್ಲು ಅಂಗಡಿಯಲ್ಲಿ ಸುಲಭಕ್ಕೆ ಸಿಗದು, ನಾವೇ ಮಾಡಿಕೊಳ್ಳುವುದು ವಾಸಿ. ಒಡೆದ ಕಲ್ಲಿನ ತುಂಡೊಂದನ್ನು, ಬೆರಳುದ್ದ ಇದ್ದರೂ ಸಾಕು, ಒರಟು ಸಿಮೆಂಟ್ ನೆಲದ ಮೇಲೆ ನೀರು ಸುರಿದು ಮುಂದೆ ಹಿಂದೆ ತೂಗಿಸುತ್ತಾ ಉಜ್ಜಿ. ಒಂದು ಮೈ ನಿಧಾನವಾಗಿ ಉಬ್ಬುತ್ತದೆ. ಕೊನೆಗೆ ವಾಟರ್ ಪೇಪರಿನ ಮೇಲೆ ನಯ ಮಾಡಿ. ಅಲಗಿನ ತಗ್ಗಿನೊಳಗೆ ಇಟ್ಟಾಗ ಕಲ್ಲಿನ ನಡು ತಾಗಬೇಕು, ಎರಡು ಕೊನೆ ತುಸು ಮೇಲಿರಬೇಕು. ಅಂದರೆ ಕಲ್ಲಿನ ಉಬ್ಬು ಅಲಗಿನ ಬಾಗಿಗಿಂತ ಸ್ವಲ್ಪವೇ ಹೆಚ್ಚು. ತುಂಬಾ ಹೆಚ್ಚಾದರೆ, ಉದಾಹರಣೆಗೆ ಪೆನ್ಸಿಲ್ ದಪ್ಪದ ದುಂಡು ಸರಳನ್ನು 7 ಇಂಚಿನ ಕತ್ತರಿಗೆ ಹಾಕಿದರೆ, ಒತ್ತಡ ಒಂದೇ ಚುಕ್ಕೆಯ ಮೇಲೆ ಬಿದ್ದು ಅಂಚು ಅಲೆ ಅಲೆಯಾಗುತ್ತದೆ. ಪುಟ್ಟ ಕಸೂತಿ ಕತ್ತರಿಗೆ ಮಾತ್ರ ಅಂಥ ಸರಳು ನಡೆಯುತ್ತದೆ.

ಮಸೆಯುವ ಕೆಲಸ

ಸ್ಕ್ರೂ ಇರುವ ಕತ್ತರಿಯಾದರೆ ಬಿಚ್ಚಿ. ಬಿಚ್ಚುವಾಗ ವಾಷರ್‌ಗಳ ಸಾಲು ಕೆಡದಂತೆ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ರಿವೆಟ್ ಹೊಡೆದದ್ದಾದರೆ ಬಿಚ್ಚಬೇಡಿ, ಪೂರ್ತಿ ತೆರೆದಿಟ್ಟೇ ಮಾಡಿ.

ಒಂದು ಮಾತು ಕೋನದ ಬಗ್ಗೆ. ಅಡುಗೆಮನೆ ಚಾಕುವಿನ ಅಂಚು ಎರಡೂ ಬದಿ ಸೇರಿ 30ರಿಂದ 40 ಡಿಗ್ರಿ. ಕತ್ತರಿ ಹಾಗಲ್ಲ. ಒಳಮೈಗೂ ಹೊರ ಇಳಿಜಾರಿಗೂ ನಡುವಿನ ಕೋನ ಕೂದಲು ಕತ್ತರಿಯಲ್ಲಿ ಸಾಮಾನ್ಯವಾಗಿ 40ರಿಂದ 50 ಡಿಗ್ರಿ, ಬಟ್ಟೆ ಕತ್ತರಿಯಲ್ಲಿ 60ರಿಂದ 75. ಚಾಕುವಿನ ರೂಢಿಯಲ್ಲಿ ಕತ್ತರಿಯನ್ನು ಮಲಗಿಸಿ ಮಸೆದರೆ ತೆಳ್ಳನೆಯ ಅಂಚು ಬರುತ್ತದೆ, ಎರಡು ದಿನ ಚೆನ್ನಾಗಿ ಓಡಿ ಇನ್ನೊಂದು ಅಲಗಿಗೆ ತಾಗಿ ಮಡಚಿಹೋಗುತ್ತದೆ. ಹೊಸ ಕೋನ ಕಟ್ಟುವ ಉಸಾಬರಿ ಬೇಡ, ಇರುವ ಇಳಿಜಾರನ್ನೇ ಹಿಂಬಾಲಿಸಿ. ಇಳಿಜಾರಿಗೆ ಉದ್ದಕ್ಕೂ ಮಾರ್ಕರ್ ಬಳಿಯಿರಿ. ಎರಡು ಎಳೆತ ಆದ ಮೇಲೆ ನೋಡಿ: ಮಸಿ ಅಂಚಿನ ಬಳಿ ಮಾತ್ರ ಹೋಗಿದ್ದರೆ ಅಲಗನ್ನು ಅತಿಯಾಗಿ ಎತ್ತಿದ್ದೀರಿ, ಬೆನ್ನಿನ ಕಡೆ ಮಾತ್ರ ಹೋಗಿದ್ದರೆ ಅತಿಯಾಗಿ ಮಲಗಿಸಿದ್ದೀರಿ. ಅಗಲ ಪೂರ್ತಿ ಹೋದರೆ ಸರಿ. ಕೋನ ನೆಟ್ಟಗಾದಷ್ಟೂ ಬಾಗಿನ ಕಾಟ ಕಡಿಮೆಯಾಗುವುದರಿಂದ ಬಾಗು ಬಟ್ಟೆ ಕತ್ತರಿ ಕೂದಲು ಕತ್ತರಿಗಿಂತ ಸುಲಭ. ಹೊಸಬರು ಅಲ್ಲಿಂದ ಶುರು ಮಾಡಬಹುದು.

ಕೆಳಗಿನ ಅಲಗಿನ ಹೊರ ಇಳಿಜಾರು ಮೊದಲು. ಸಪಾಟು ಕಲ್ಲನ್ನು ಒದ್ದೆ ಬಟ್ಟೆಯ ಮೇಲೆ ಅಲುಗಾಡದಂತೆ ಇಡಿ. ಅಲಗಿನ ಬುಡ ಕಲ್ಲಿಗೆ ತಾಗಿಸಿ, ಇಳಿಜಾರು ಪೂರ್ತಿ ಕೂತಿದೆ ಎಂದು ಬೆರಳಿಗೆ ಗೊತ್ತಾದ ಮೇಲೆ ಎಳೆಯಿರಿ. ಎಳೆಯುತ್ತಾ ತಾಗುವ ಜಾಗ ಬುಡದಿಂದ ತುದಿಗೆ ನಡೆದುಹೋಗಬೇಕು. ಬುಡ ತಾಗುವಾಗ ಹಿಡಿಕೆ ಕೆಳಗಿರುತ್ತದೆ, ತುದಿ ತಾಗುವ ಹೊತ್ತಿಗೆ ಹಿಡಿಕೆ ಮೇಲೇರಿರುತ್ತದೆ. ತುದಿಗೆ ಬಂದಾಗ ಒತ್ತಡ ಬಿಡುತ್ತಾ ಬನ್ನಿ. ತುದಿ ಕಿರಿದು, ಅಷ್ಟೇ ಒತ್ತಡಕ್ಕೆ ಅಲ್ಲಿ ದುಪ್ಪಟ್ಟು ಸವೆಯುತ್ತದೆ.

ಮೇಲಿನ ಅಲಗಿನ ಹೊರ ಇಳಿಜಾರಿಗೆ ಅಲಗು ನಿಲ್ಲಬೇಕು, ಕಲ್ಲು ಓಡಬೇಕು. ಬಟ್ಟೆ ಸುತ್ತಿ ವೈಸಿನಲ್ಲಿ ಹಿಡಿಸಿ, ಇಲ್ಲವೇ ಮೇಜಿನ ಅಂಚಿಗೆ ಒತ್ತಿ ಹಿಡಿದು, ಉಬ್ಬಿದ ಕಲ್ಲನ್ನು ಬುಡದಿಂದ ತುದಿಗೆ ಒಂದೇ ಉಸಿರಿನಲ್ಲಿ ಸಾಗಿಸಿ. ನಡುವೆ ನಿಲ್ಲಿಸಿದರೆ ಅಲ್ಲೇ ಗುಳಿ.

ಅಂಚಿನ ಒಳಬದಿಗೆ ಸಣ್ಣ ಲೋಹದ ಎಳೆ ಮಗುಚಿಕೊಂಡು ಬರುವುದೇ ಸಾಕಷ್ಟು ಮಸೆದದ್ದಕ್ಕೆ ಸಾಕ್ಷಿ. ವರ್ಕ್‌ಶಾಪಿನವರು ಬರ್ ಅನ್ನುವುದು ಇದಕ್ಕೇ. ಹೆಬ್ಬೆರಳನ್ನು ಒಳಮೈ ಮೇಲಿಟ್ಟು ಅಂಚಿನಿಂದ ಆಚೆಗೆ ಜಾರಿಸಿ, ಉದ್ದಕ್ಕೆ ಮಾತ್ರ ಸರ್ವಥಾ ಎಳೆಯಬೇಡಿ. ಬುಡದಿಂದ ತುದಿಯವರೆಗೂ ಒಂದೇ ಸಮನೆ ಬರ್ ತಡೆಯುತ್ತಿದ್ದರೆ ಆ ಅಲಗು ಮುಗಿಯಿತು. ಎಲ್ಲಿ ತಡೆಯುವುದಿಲ್ಲವೋ ಅಲ್ಲಿ ಕಲ್ಲು ತಾಗಿಲ್ಲ.

ಒಳಮೈ ಎಲ್ಲಕ್ಕಿಂತ ನಾಜೂಕು. ಇಲ್ಲಿ ಕೆಲಸ ಬರ್ ತೆಗೆಯುವುದು ಮಾತ್ರ, 3000 ಗ್ರಿಟ್ ಕಲ್ಲಿನಲ್ಲಿ ಮೂರು ನಾಲ್ಕು ಎಳೆತ, ಒತ್ತಡ ಕಲ್ಲಿನ ಭಾರದಷ್ಟೇ. ಮೇಲಿನ ಅಲಗಿನ ಉಬ್ಬಿದ ಒಳಮೈಯನ್ನು ಸಪಾಟು ಕಲ್ಲಿನ ಮೇಲೆ ಮೊದಲಿನ ಹಾಗೇ ಬುಡದಿಂದ ತುದಿಗೆ ಉರುಳಿಸಿ. ಕೆಳಗಿನ ಅಲಗಿನ ತಗ್ಗಿದ ಒಳಮೈಗೆ ಉಬ್ಬಿದ ಕಲ್ಲನ್ನು ಅಲಗಿನ ಅಡ್ಡಕ್ಕೆ ಸೇತುವೆಯಾಗಿ ಕೂರಿಸಬೇಕು: ಅಂಚಿಗೂ ಬೆನ್ನಿಗೂ ಒಟ್ಟಿಗೇ ತಾಗಿರಬೇಕು. ಹಾಗೆ ಕೂತ ಮೇಲೆ ಉದ್ದಕ್ಕೆ ಸಾಗಿಸಿ. ಸರಿಯಾಗಿ ಮಾಡಿದರೆ ಅಂಚಿನುದ್ದಕ್ಕೆ ಒಂದು, ಬೆನ್ನಿನುದ್ದಕ್ಕೆ ಒಂದು, ಎರಡು ತೆಳ್ಳನೆಯ ಹೊಳೆವ ಗೆರೆ ಮೂಡುತ್ತವೆ, ನಡುವಿನ ತಗ್ಗು ಮಬ್ಬಾಗಿಯೇ ಉಳಿಯುತ್ತದೆ. ಅಂಚಿನ ಹೊಳಪು ಗೆರೆ ಉದ್ದಕ್ಕೂ ಒಂದೇ ಅಗಲ ಇದ್ದರೆ ಸಮಾಧಾನಪಡಿ. ಕಲ್ಲನ್ನು ಅಂಚಿನ ಕಡೆಗೆ ಒಂದೆರಡು ಡಿಗ್ರಿ ವಾಲಿಸಿದರೂ ಒಳಮೈಯಲ್ಲಿ ಇನ್ನೊಂದು ಇಳಿಜಾರು ಹುಟ್ಟುತ್ತದೆ. ಅದು ಕತ್ತರಿಗೆ ಮಾಡಬಹುದಾದ ಅತಿ ದೊಡ್ಡ ಹಾನಿ.

ಜೋಡಿಸುವ ಮುನ್ನ ಎರಡೂ ಅಲಗು ತೊಳೆದು ಒರೆಸಿ. ಬರ್ ಉಳಿದಿರುವಾಗಲೇ ಕತ್ತರಿ ಮುಚ್ಚಿದರೆ ಆ ಎಳೆ ಎದುರಿನ ಹೊಸ ಅಂಚನ್ನು ಕಚ್ಚಿ ಮುಕ್ಕು ಮಾಡುತ್ತದೆ. ಸ್ಕ್ರೂ ಸಡಿಲವಾಗಿಯೇ ಹಾಕಿ, ಮೊದಲ ಸಲ ತೀರಾ ಮೆಲ್ಲಗೆ ಮುಚ್ಚಿ, ಒರೆಸಿ, ಆಮೇಲೆ ಬಿಗಿ ಮಾಡಿ.

ಮಸೆದ ಮೇಲೂ ಕತ್ತರಿಸದಿದ್ದರೆ

ಬುಡದಲ್ಲೂ ತುದಿಯಲ್ಲೂ ಚೆನ್ನಾಗಿ ಕತ್ತರಿಸಿ ನಡುವೆ ಮಾತ್ರ ಕಾಗದ ಜಾರುತ್ತಿದ್ದರೆ, ಮೇಲಿನ ಅಲಗಿನ ಹೊರ ಇಳಿಜಾರನ್ನು ಸಪಾಟು ಕಲ್ಲಿನಲ್ಲಿ ಮಸೆಯಲಾಗಿದೆ. ಎರಡು ಕೊನೆ ಮಾತ್ರ ಕಲ್ಲಿಗೆ ತಾಗಿವೆ, ನಡು ಹಳೇ ಮೊಂಡುತನದಲ್ಲೇ ಇದೆ. ಮಾರ್ಕರ್ ಬಳಿದರೆ ತಕ್ಷಣ ಗೊತ್ತಾಗುತ್ತದೆ. ಪರಿಹಾರ ಸುಲಭ: ಉಬ್ಬಿದ ಕಲ್ಲಿನಿಂದ ನಡುವನ್ನು ತುದಿ ಬುಡಗಳ ಮಟ್ಟಕ್ಕೆ ತನ್ನಿ.

ನಡುವೆ ಜಾರದೆ ಮಡಚಿಕೊಳ್ಳುತ್ತಿದ್ದರೆ ಕಥೆ ಬೇರೆ. ಮೇಲಿನ ಅಲಗಿನ ಉಬ್ಬಿದ ಒಳಮೈಯನ್ನು ಉರುಳಿಸದೆ ಕಲ್ಲಿನ ಮೇಲೆ ಒತ್ತಿ ಉಜ್ಜಿದ್ದರಿಂದ ಉಬ್ಬಿನ ನಡು ಚಪ್ಪಟೆಯಾಗಿದೆ. ಆ ಜಾಗಕ್ಕೆ ಬಂದಾಗ ಅಂಚುಗಳು ಒಂದನ್ನೊಂದು ಮುಟ್ಟುವುದಿಲ್ಲ. ಬೆಳಕಿಗೆ ಹಿಡಿದರೆ ನಡುವಿನ ಸಂದು ಅತಿಯಾಗಿ ಕಾಣುತ್ತದೆ. ಸ್ವಲ್ಪವೇ ಆಗಿದ್ದರೆ ಒಳಮೈಯ ಬುಡ ಮತ್ತು ತುದಿಯ ಕಡೆ ಉರುಳಿಸುತ್ತಾ ಮಸೆದು ಉಬ್ಬನ್ನು ಮರಳಿ ತರಬಹುದು. ಹೆಚ್ಚಾಗಿದ್ದರೆ ಸೆಟ್ ಮಾಡುವವರ ಹತ್ತಿರ ಹೋಗಬೇಕು. ಜಾರುವುದಕ್ಕೂ ಮಡಚುವುದಕ್ಕೂ ಇರುವ ಈ ವ್ಯತ್ಯಾಸವನ್ನು ಗಮನಿಸದೆ ಇನ್ನಷ್ಟು ಮಸೆಯುತ್ತಾ ಹೋದರೆ ಕತ್ತರಿ ಕೈತಪ್ಪಿತು ಅಂತಲೇ ಲೆಕ್ಕ.

ತುದಿಯ ಕಾಲಿಂಚು ಕತ್ತರಿಸದಿದ್ದರೆ ಕೆಳಗಿನ ಅಲಗಿನ ಒಳಮೈ ನೋಡಿ. ತಗ್ಗಿದ ಮೈಯನ್ನು ಸಪಾಟು ಕಲ್ಲಿಗೆ ಹಚ್ಚಿದಾಗ ಮೊದಲು ಸವೆಯುವುದು ತುದಿ. ಅಲ್ಲಿ ಹೊಳೆವ ಗೆರೆ ಇದ್ದಕ್ಕಿದ್ದಂತೆ ಅಗಲವಾಗಿರುತ್ತದೆ. ಇನ್ನೊಂದು ಕಾರಣ ಹೊರ ಇಳಿಜಾರಿನಲ್ಲಿ ತುದಿಗೆ ಬಂದಾಗ ಒತ್ತಡ ಬಿಡದೇ ಇದ್ದದ್ದು. ಆಗ ಒಂದು ತುದಿ ಇನ್ನೊಂದಕ್ಕಿಂತ ಗಿಡ್ಡವಾಗಿರುತ್ತದೆ, ಮುಚ್ಚಿದಾಗ ಕಣ್ಣಿಗೇ ಕಾಣುತ್ತದೆ. ಉದ್ದದ ತುದಿಯನ್ನು ಬೆನ್ನಿನ ಕಡೆಯಿಂದ ಸ್ವಲ್ಪ ಸ್ವಲ್ಪವಾಗಿ ತೆಗೆದು ಸರಿಗಟ್ಟಬಹುದು.

ಬೆರಳಿಗೆ ಹರಿತ, ಕಾಗದಕ್ಕೆ ಹರಿತವಲ್ಲ ಅನ್ನುವ ದೋಷ ಹೆಚ್ಚು ತಲೆ ತಿನ್ನುತ್ತದೆ. ಎರಡು ಅಲಗನ್ನೂ ಬಿಡಿಬಿಡಿಯಾಗಿ ಹಿಡಿದರೆ ಕೂದಲು ಬೋಳಿಸುವಷ್ಟು ಹರಿತ, ಜೋಡಿಸಿದರೆ ಒದ್ದೆ ಟಿಶ್ಯೂ ಕೂಡ ಮಡಚುತ್ತದೆ. ಒಳಮೈಯ ಅಂಚು ದುಂಡಗಾಗಿದೆ, ಅಥವಾ ಅಲ್ಲಿ ಒಳ ಇಳಿಜಾರು ಹುಟ್ಟಿದೆ. ಸ್ಟೀಲ್ ಸ್ಕೇಲ್ ಅಡ್ಡ ಇಟ್ಟರೆ ಅಂಚಿನ ಬಳಿ ಬೆಳಕು ನುಸುಳುತ್ತದೆ, ನುಸುಳಬಾರದು. ಇದಕ್ಕೆ ಒಂದೇ ದಾರಿ: ಒಳ ಇಳಿಜಾರು ಪೂರ್ತಿ ಹೋಗುವವರೆಗೆ ಹೊರಗಿನಿಂದ ಲೋಹ ತೆಗೆಯುವುದು. ಒಳಗಿನಿಂದ ತೆಗೆಯಲು ಹೋದರೆ ನಡುವಿನ ತಗ್ಗು ಬಯಲಾಗುತ್ತದೆ. 1000 ಗ್ರಿಟ್ ಕಲ್ಲಿನಲ್ಲಿ ಇದು ತಾಳ್ಮೆಯ ಕೆಲಸ, ಆದರೂ ಕೈಯಲ್ಲೇ ಆಗುತ್ತದೆ.

ಮುಚ್ಚುವಾಗ ಒಂದೇ ಜಾಗದಲ್ಲಿ ಟಿಕ್ ಅಂದರೆ ಬರ್ ಉಳಿದಿದೆ. ಉದ್ದಕ್ಕೂ ಕರಕರ ಅಂದರೆ ಕಲ್ಲಿನ ಪುಡಿ ಕೀಲಿನಲ್ಲಿ ಉಳಿದಿದೆ, ಬಿಚ್ಚಿ ತೊಳೆಯಿರಿ.

ವಾರಕ್ಕೊಮ್ಮೆ ಮೊಂಡಾಗುವ ಕತ್ತರಿಯಾದರೆ ಹಿಂದೆ ಮೋಟಾರ್ ಚಕ್ರಕ್ಕೆ ಹಿಡಿದಿದ್ದರೇ ಎಂದು ಕೇಳಿ. ನೀರಿಲ್ಲದೆ ಓಡುವ ಚಕ್ರದಲ್ಲಿ ತೆಳ್ಳನೆಯ ಅಂಚು ಕ್ಷಣದಲ್ಲಿ ಕಾಯುತ್ತದೆ. ಕಾರ್ಬನ್ ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ನೀಲಿಗಟ್ಟುತ್ತದೆ, ಗಡಸುತನ ಇಳಿದುಹೋಗುತ್ತದೆ. ನೀಲಿಯನ್ನು ಉಜ್ಜಿ ತೆಗೆದರೂ ಮೆತ್ತಗಾದ ಉಕ್ಕು ಹಾಗೇ ಇರುತ್ತದೆ. ಆ ಭಾಗ ಸವೆದು ಗಟ್ಟಿ ಉಕ್ಕು ಸಿಗುವವರೆಗೆ ಕೈಕಲ್ಲಿನಲ್ಲಿ ಇಳಿಸಬೇಕು. ತೆಳು ಅಲಗಿನಲ್ಲಿ ಅಷ್ಟು ಲೋಹ ಉಳಿದಿರುವುದೇ ಅಪರೂಪ. ಅಂಥ ಕತ್ತರಿಯನ್ನು ಒರಟು ಕೆಲಸಕ್ಕೆ ಇಟ್ಟುಕೊಳ್ಳಿ ಎಂದು ತಂದವರಿಗೆ ನೇರವಾಗಿ ಹೇಳಿಬಿಡುವುದು ಒಳ್ಳೆಯದು.

ಎಲ್ಲ ಸರಿಯಾದ ಮೇಲೆ ಸ್ಕ್ರೂ ತಲೆಯಿಂದ ಅಲಗಿನ ಮೇಲಕ್ಕೆ ಉಗುರುಬಣ್ಣದಲ್ಲಿ ಒಂದು ಸಣ್ಣ ಗೆರೆ ಎಳೆಯಿರಿ. ಮುಂದಿನ ಸಲ ಕೂದಲು ಮಡಚಿಕೊಂಡಾಗ ಗೆರೆ ತುಂಡಾಗಿ ಆಚೀಚೆ ಸರಿದಿದ್ದರೆ ಸ್ಕ್ರೂ ತಿರುಗಿದೆ. ಎರಡು ತುಂಡೂ ಒಂದೇ ಗೆರೆಯಾಗುವಂತೆ ತಿರುಗಿಸಿ, ಬಿಟ್ಟು ನೋಡಿ, ಕೆಲಸ ಮುಂದುವರಿಸಿ.